ಕಣ್ಣಿಗೇ ಕಾಣದ ನ್ಯಾನೋ ತಂತ್ರಜ್ಞಾನವನ್ನು ಕಲಾವಿದರು ಚಿತ್ರವಾಗಿಸುವುದು ಹೇಗೆ?

ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ನಾವು ಕಾಣುವ ಬೆಳಕಿನ ಅಲೆಯೇ 400ರಿಂದ 700 ನ್ಯಾನೋಮೀಟರ್ ಉದ್ದ. ಅಣುಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಹಾಗಾಗಿ ಅವನ್ನು ಬೆಳಕಿನಲ್ಲಿ ನೋಡಲಾಗದು. ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಚೂಪು ಮೊನೆ ಮೇಲ್ಮೈಗೆ ತೀರ ಹತ್ತಿರ ಸರಿದಾಡುತ್ತದೆ, ಕುರುಡರು ಬ್ರೈಲ್ ಓದುವ ಹಾಗೆ. ಸಿಗುವುದು ಅಂಕಿಗಳು. ಬಣ್ಣ, ನೆರಳು ಎಲ್ಲ ಮನುಷ್ಯರ ಆಯ್ಕೆ. ಕಲಾವಿದರಿಗೆ ಕೆಲಸ ಇರುವುದು ಅಲ್ಲೇ.

ನನಗೆ ತುಂಬಾ ಇಷ್ಟವಾದ ಉದಾಹರಣೆ 'ನ್ಯಾನೋಮಂಡಲ'. ಲಾಸ್ ಏಂಜಲೀಸಿನ ಕಲಾವಿದೆ ವಿಕ್ಟೋರಿಯಾ ವೆಸ್ನಾ ಮತ್ತು ನ್ಯಾನೋ ವಿಜ್ಞಾನಿ ಜೇಮ್ಸ್ ಗಿಮ್‌ಜೆವ್ಸ್ಕಿ ಸೇರಿ ಮಾಡಿದ್ದು. 2003ರಲ್ಲಿ ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಟಿಬೆಟಿನ ಭಿಕ್ಷುಗಳು ವಾರಗಟ್ಟಲೆ ಕೂತು ಬಣ್ಣದ ಮರಳಿನ ಮಂಡಲ, ಅಂದರೆ ವೃತ್ತಾಕಾರದ ಧಾರ್ಮಿಕ ಚಿತ್ರ, ಬಿಡಿಸಿದ್ದರು. (ಆ ಭಿಕ್ಷುಗಳ ಗಾದೆನ್ ಮಠ ಇರುವುದು ನಮ್ಮ ಮುಂಡಗೋಡದಲ್ಲಿ!) ಅದರ ಮರಳಿನ ಒಂದೇ ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸೆರೆಹಿಡಿದು, ಅಲ್ಲಿಂದ ಇಡೀ ಮಂಡಲದವರೆಗಿನ ಚಿತ್ರಗಳನ್ನು ಒಂದಕ್ಕೊಂದು ಹೆಣೆದು, ನೆಲದ ಮೇಲೆ ವೃತ್ತಾಕಾರವಾಗಿ ಹರಡಿದ ಮರಳಿನ ಮೇಲೆಯೇ ವಿಡಿಯೋ ಬೀಳಿಸಿದರು. ನೋಡುಗರು ಆ ಮರಳನ್ನು ಮುಟ್ಟಬಹುದಿತ್ತು. ಭಿಕ್ಷು ಕಣ ಕಣವಾಗಿ ಉದುರಿಸಿ ಕಟ್ಟುತ್ತಾನೆ, ನ್ಯಾನೋ ವಿಜ್ಞಾನಿ ಅಣು ಅಣುವಾಗಿ ಜೋಡಿಸುತ್ತಾನೆ. ಆ ಸಾಮ್ಯವೇ ಈ ಕೃತಿಯ ಜೀವ.