ಎಲ್‌ಬ್ರಸ್‌ಗೆ ಹೋಗೋಕೆ ಎಂಥ ಸ್ಕೀ ಬೂಟು, ಯಾವ ಸೈಜು ತಗೋಬೇಕು?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಎಡಗಾಲಿನ ಕಿರುಬೆರಳು ಚುಳ್ ಅಂದಿತು. ಗುಲ್ಮಾರ್ಗ್‌ನಲ್ಲಿ ಎರಡು ಚಳಿಗಾಲ ಸ್ಕೀಯಿಂಗ್ ಕಲಿತಿದ್ದೀರಿ, ಬರುವ ಮೇ ತಿಂಗಳಲ್ಲಿ ರಷ್ಯಾದ ಎಲ್‌ಬ್ರಸ್ ಪರ್ವತವನ್ನು ಸ್ಕೀ ಮೇಲೆ ಹತ್ತಿ ಸ್ಕೀ ಮೇಲೇ ಇಳಿಯುವ ಆಸೆ. ನಿಮ್ಮ ಪಾದ 26.5 ಸೆಂ.ಮೀ., ಅಂಗಡಿಯವರು "25.5 ತಗೊಳ್ಳಿ, ಬಿಗಿ ಇದ್ದರೇ ಹಿಡಿತ" ಅಂತಿದ್ದಾರೆ. ಇದ್ಯಾವುದೂ ಬೇಡ, ಪರ್ವತಾರೋಹಣದ ಡಬಲ್ ಬೂಟನ್ನೇ (ಒಳಗೊಂದು ಹೊರಗೊಂದು, ಎರಡು ಪದರದ್ದು) ಸ್ಕೀಗೆ ಹಾಕಿಕೊಂಡು ಹೋಗಲೇ ಅನ್ನುವ ಅನುಮಾನ ಬೇರೆ.

ಡಬಲ್ ಬೂಟಿನ ವಿಚಾರ ಮೊದಲು ಮುಗಿಸಿಬಿಡ್ತೀನಿ. ನಡೆದು ಹತ್ತಿ ನಡೆದೇ ಇಳಿಯುವವರಿಗೆ ಅದಕ್ಕಿಂತ ಬೆಚ್ಚಗಿನದ್ದು, ಸುಖವಾದದ್ದು ಇನ್ನೊಂದಿಲ್ಲ. ಆದರೆ ಅದರ ಕಣಕಾಲಿನ ಭಾಗ ಮೆತ್ತಗೆ. ಗಟ್ಟಿಮಂಜಿನ ಇಳಿಜಾರಿನಲ್ಲಿ ಸ್ಕೀ ತಿರುಗಿಸಲು ಹೋದರೆ ಕಾಲು ಒಂದು ಕಡೆ, ಸ್ಕೀ ಇನ್ನೊಂದು ಕಡೆ. ಈಗಿನ ಟೂರಿಂಗ್ ಬೈಂಡಿಂಗ್‌ಗಳಿಗೆ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗಳಿಗೆ, ಬೂಟಿನ ಮುಂದೆ ಹಿಂದೆ ಲೋಹದ ಪಿನ್‌ಗುಳಿಗಳು ಬೇಕು, ಡಬಲ್ ಬೂಟಿನಲ್ಲಿ ಅವು ಇರುವುದೂ ಇಲ್ಲ. ಹಾಗಾಗಿ ನಿಮಗೆ ಬೇಕಾದದ್ದು ಸ್ಕೀ ಟೂರಿಂಗ್ ಬೂಟು, ಹತ್ತುವಾಗ ಕಣಕಾಲು ಆಡಲು ಬಿಟ್ಟು ಇಳಿಯುವಾಗ ಗಟ್ಟಿಯಾಗಿ ಹಿಡಿಯುವಂಥದ್ದು.

25.5 ಮಾತ್ರ ಖಂಡಿತ ಬೇಡ. ಈ ಮಾತು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನಗೂ ಒಬ್ಬ ಅಂಗಡಿಯವರು ಅರ್ಧ ಸೈಜು ಕಡಿಮೆ ಮಾಡಿಸಿ ಕೊಟ್ಟಿದ್ದರು. ಅಂಗಡಿಯ ಸೋಫಾದಲ್ಲಿ ಕೂತಾಗ ಅದು ಕೈಗವಸಿನ ಹಾಗೆ ಕೂತಿತ್ತು. ಎಲ್‌ಬ್ರಸ್‌ನಲ್ಲಿ ಪಾಸ್ತುಖೋವ್ ಬಂಡೆ ದಾಟಿ, ಸುಮಾರು 4,900 ಮೀಟರಿನಲ್ಲಿ, ಎಡಗಾಲಿನ ಬೆರಳುಗಳು ಮೊದಲು ಉರಿದವು, ಆಮೇಲೆ ನೋವೇ ನಿಂತುಹೋಯಿತು. "ಅಬ್ಬಾ, ಸರಿಹೋಯ್ತು" ಅಂದುಕೊಂಡೆ. ಜೊತೆಗಿದ್ದ ಗೈಡ್ ಹಾಗೆ ಅಂದುಕೊಳ್ಳಲಿಲ್ಲ, ತಕ್ಷಣ ವಾಪಸ್ ಇಳಿಸಿದ. ಗುಡಿಸಿಲಿನಲ್ಲಿ ಬೂಟು ಬಿಚ್ಚಿದಾಗ ಎರಡು ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಬೆರಳು ಉಳಿದವು, ಆದರೆ ಜೋಮು ಬಿಡಲು ಮೂರು ತಿಂಗಳು ಹಿಡಿಯಿತು. ಈಗಲೂ ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ ಗ್ರಾನೈಟ್ ನೆಲದ ಮೇಲೆ ಕಾಲಿಟ್ಟರೆ ಗೊತ್ತಾಗುತ್ತೆ.

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕ ಬೇರೆ. ಗೊಂಡೋಲಾದಲ್ಲಿ ಮೇಲೆ ಹೋಗಿ, ಹತ್ತು ನಿಮಿಷ ಜಾರಿ, ಕೆಳಗೆ ಚಹಾ ಕುಡಿಯುತ್ತಾ ಬಕಲ್ ಸಡಿಲಿಸುವವರಿಗೆ ಬಿಗಿ ಬೂಟೇ ಸರಿ. ಎಲ್‌ಬ್ರಸ್‌ನಲ್ಲಿ ಕೇಬಲ್ ಕಾರು 3,847 ಮೀಟರಿನ ಗರಬಾಶಿಯಲ್ಲಿ ನಿಲ್ಲುತ್ತೆ, ಶಿಖರ 5,642. ನಡುವಿನ ಸುಮಾರು 1,800 ಮೀಟರನ್ನು ನಡುರಾತ್ರಿ ಶುರುಮಾಡಿ, ಮೈನಸ್ 20ರ ಆಸುಪಾಸಿನ ಚಳಿಗಾಳಿಯಲ್ಲಿ ಎಂಟು ಹತ್ತು ಗಂಟೆ ಹತ್ತಬೇಕು. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ದೇಹ ಎದೆ, ತಲೆಯನ್ನು ಕಾಪಾಡಿಕೊಳ್ಳಲು ಕೈಕಾಲಿನ ತುದಿಯ ರಕ್ತ ಕಡಿಮೆ ಮಾಡುತ್ತೆ. ಪಾದ ಬೇರೆ ಊದಿಕೊಂಡಿರುತ್ತೆ. ಇದರ ಮೇಲೆ ಪ್ಲಾಸ್ಟಿಕ್ ಒತ್ತಿದರೆ ಬೆರಳಿಗೆ ತಲುಪುವ ಅಷ್ಟಿಷ್ಟು ರಕ್ತವೂ ನಿಂತಂತೆ. ಬೂಟಿಗೆ ತನ್ನದೇ ಬಿಸಿ ಇಲ್ಲ ಸ್ವಾಮಿ, ಬಿಸಿ ಬರುವುದು ನಿಮ್ಮ ರಕ್ತದಿಂದ. ಬಿಗಿ ಬೂಟಿನಲ್ಲಿ ಇನ್ನೊಂದು ಜೊತೆ ಕಾಲುಚೀಲ ತುರುಕಿದರೆ ಚಳಿ ಹೆಚ್ಚುವುದು ಇದಕ್ಕೇ.

ಹಾಗಾದರೆ ಅಳೆಯುವುದು ಹೇಗೆ? ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ದೊಡ್ಡದಾಗಿರುತ್ತೆ. ಬೂಟಿನ ಒಳಗಿನ ಲೈನರ್ ಹೊರತೆಗೆಸಿ, ಬರೀ ಪ್ಲಾಸ್ಟಿಕ್ ಶೆಲ್ಲಿನೊಳಗೆ ಕಾಲಿಡಿ. ಬೆರಳು ಮುಂದಿನ ಗೋಡೆಗೆ ತಾಗುವವರೆಗೆ ಮುಂದೆ ಸರಿದು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ನೋಡಿ. ರೇಸಿನವರು ಕೈಯ ಒಂದು ಬೆರಳಿನಷ್ಟು ಸಾಕು ಅಂತಾರೆ. ನಿಮಗೆ ಎರಡು ಬೆರಳು, ಅಂದರೆ ಸುಮಾರು 2 ಸೆಂ.ಮೀ. ಬೇಕು. ಬಹುತೇಕ ಕಂಪನಿಗಳಲ್ಲಿ ಅರ್ಧ ಸೈಜಿಗೆ ಬೇರೆ ಶೆಲ್ ಇರುವುದಿಲ್ಲ, ಒಂದೇ ಶೆಲ್ಲಿನಲ್ಲಿ ಒಳಗಿನ ಅಟ್ಟೆ ಇಲ್ಲವೇ ಲೈನರ್ ಬದಲಾಗಿರುತ್ತೆ. ಅದಕ್ಕೇ ಡಬ್ಬಿಯ ಮೇಲಿನ ನಂಬರ್ ನಂಬಬೇಡಿ, ನಿಮ್ಮ ಬೆರಳನ್ನು ನಂಬಿ. ನಿಮ್ಮ ಪಾದಕ್ಕೆ 27 ಅಥವಾ 27.5 ಬರಬಹುದು ಅಂತ ನನ್ನ ಅಂದಾಜು.

ಅಗಲದ ಕಡೆಗೂ ಗಮನ ಕೊಡಿ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದಗಳ ಮುಂಭಾಗ ಅಗಲವಾಗಿರುವುದೇ ಹೆಚ್ಚು. ಕಿರುಬೆರಳಿನ ಹತ್ತಿರ ಒತ್ತುತ್ತಿದ್ದರೆ ಶೆಲ್ ಬಿಸಿ ಮಾಡಿ ಅಲ್ಲಿ ಮಾತ್ರ ಉಬ್ಬಿಸಿಕೊಡುವವರಿದ್ದಾರೆ, ಮಾಡಿಸಿ. ಲೈನರ್ ಬಿಸಿಗೆ ಅಚ್ಚು ತೆಗೆದುಕೊಳ್ಳುವ ಫೋಮಿನದ್ದಾಗಿರಲಿ, ಸ್ವಲ್ಪ ದಪ್ಪವೇ ಇರಲಿ. ಅಚ್ಚು ಹಾಕಿಸುವಾಗ ಬೆಟ್ಟದಲ್ಲಿ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿ, ಬೆರಳಿನ ಮೇಲೆ ಟೋಪಿ ಥರ ಪ್ಯಾಡ್ ಇಡಿಸಿ. ಆಗ ಬೆರಳು ಆಡಿಸಲು ಜಾಗ ಉಳಿಯುತ್ತೆ. ಹಿಮ್ಮಡಿ ಮಾತ್ರ ಏಳಬಾರದು. ಹಿಮ್ಮಡಿ ಎದ್ದರೆ ಗರಬಾಶಿ ಬಿಟ್ಟ ಒಂದೇ ಗಂಟೆಯಲ್ಲಿ ಬೊಬ್ಬೆ.

ಬಾಡಿಗೆಗೆ ಸಿಗುವ ರೆಸಾರ್ಟ್ ಬೂಟುಗಳು ಸಾಮಾನ್ಯವಾಗಿ ಪಾಲಿಯುರೆಥೇನ್. ಚಳಿಗೆ ಅದು ಕಲ್ಲಾಗುತ್ತೆ, ಬೆಳಗ್ಗೆ ಕಾಲು ತೂರಿಸುವುದೇ ಒಂದು ಸಾಹಸ. ಟೂರಿಂಗ್ ಬೂಟುಗಳಿಗೆ ಬಳಸುವ ಪೆಬ್ಯಾಕ್ಸ್, ಗ್ರಿಲಮಿಡ್ ಅನ್ನುವ ಪ್ಲಾಸ್ಟಿಕ್‌ಗಳು ಅಷ್ಟು ಬದಲಾಗುವುದಿಲ್ಲ. ಹಾಗಂತ ತೀರಾ ಹಗುರವಾದ ರೇಸ್ ಬೂಟಿಗೂ ಮರುಳಾಗಬೇಡಿ. ಅವುಗಳ ಲೈನರ್ ಕಾಗದದಷ್ಟು ತೆಳು, ಕೆಲವಕ್ಕೆ ಕ್ರ್ಯಾಂಪಾನಿನ (ಐಸ್ ಮೇಲೆ ಜಾರದಂತೆ ಬೂಟಿನ ತಳಕ್ಕೆ ಕಟ್ಟುವ ಉಕ್ಕಿನ ಮುಳ್ಳು) ಮುಂದಿನ ಕಂಬಿ ಕೂರಲು ಅಂಚೇ ಇರುವುದಿಲ್ಲ. ಎಲ್‌ಬ್ರಸ್‌ನಲ್ಲಿ ಪಾಸ್ತುಖೋವ್ ಮೇಲೆ ಬರೀ ಐಸ್ ಸಿಗುವ ದಿನಗಳಿವೆ, ಸ್ಕೀ ಬೆನ್ನಿಗೆ ಕಟ್ಟಿ ಕ್ರ್ಯಾಂಪಾನಿನಲ್ಲೇ ಹತ್ತಬೇಕಾಗುತ್ತೆ. ಆದ್ದರಿಂದ ಬೂಟು ಕೊಳ್ಳಲು ಹೋಗುವಾಗ ಕ್ರ್ಯಾಂಪಾನ್ ಚೀಲದಲ್ಲಿರಲಿ, ಅಲ್ಲೇ ಹಾಕಿ ಕುಟ್ಟಿ ನೋಡಿ. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಹಳೇ ಪ್ಲಾಸ್ಟಿಕ್ ಬೂಟು ತರಬೇಡಿ, ವರ್ಷಗಳಾದ ಪ್ಲಾಸ್ಟಿಕ್ ಚಳಿಗೆ ಬಿಸ್ಕತ್ತಿನ ಹಾಗೆ ಒಡೆದದ್ದಿದೆ.

ಹತ್ತುವಾಗ ಮೇಲಿನ ಬಕಲ್‌ಗಳನ್ನು ಪೂರ್ತಿ ಬಿಡಿ, ಇಳಿಯುವಾಗ ಮಾತ್ರ ಬಿಗಿ ಮಾಡಿ. ರಾತ್ರಿ ಲೈನರ್ ಕಿತ್ತು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ. 1953ರ ಮೇ 29ರ ಬೆಳಗ್ಗೆ ಎವರೆಸ್ಟಿನ ಕೊನೆಯ ಕ್ಯಾಂಪಿನಲ್ಲಿ ಹಿಲರಿಯ ಬೂಟು ಕಲ್ಲಾಗಿ ಹೆಪ್ಪುಗಟ್ಟಿತ್ತು, ಸ್ಟವ್ ಮೇಲೆ ಹಿಡಿದು ಮೆತ್ತಗಾಗಿಸಲು ಸುಮಾರು ಎರಡು ಗಂಟೆ ಹೋಯಿತು. ತೇನ್‌ಸಿಂಗ್ ಬೂಟು ಕಾಲಲ್ಲೇ ಇಟ್ಟುಕೊಂಡು ಮಲಗಿದ್ದರು. ನಮ್ಮಂಥವರಿಗೆ ಆ ಎರಡು ಗಂಟೆ ಸಿಗುವುದಿಲ್ಲ. ಬ್ಯಾಟರಿಯ ಬಿಸಿ ಕಾಲುಚೀಲ ಒಳ್ಳೆಯದೇ, ಆದರೆ ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ, ಅದನ್ನೇ ನೆಚ್ಚಿಕೊಂಡು ಬೂಟು ಆರಿಸಬೇಡಿ.

ಮುಂದೆ ಚೀನಾದ ಮುಜ್ತಾಗ್ ಅತಾದಂಥ 7,000 ಮೀಟರ್ ದಾಟುವ ಬೆಟ್ಟದ ಯೋಚನೆ ಇದ್ದರೆ ಇದೇ ಬೂಟಿನ ಮೇಲೆ ಓವರ್‌ಬೂಟ್ ಬೇಕಾಗುತ್ತೆ. ಆಗ ಪಿನ್‌ಗುಳಿ ಮುಚ್ಚಿಹೋಗದಂತೆ ಕತ್ತರಿಸಬೇಕು, ಕ್ರ್ಯಾಂಪಾನ್ ಮತ್ತೆ ಹೊಂದಿಸಬೇಕು. ಅದು ಇನ್ನೊಂದು ರಾಮಾಯಣ, ಈಗ ಬೇಡ.

ಬೂಟು ಮನೆಗೆ ಬಂದ ಮೇಲೆ ಎರಡು ವಾರ ದಿನಾ ಒಂದು ಗಂಟೆ ಹಾಕಿಕೊಂಡು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ "ಸಾರ್, ಕಾಲಿಗೆ ಏಟಾಯ್ತಾ?" ಅಂತ ಕೇಳಿದ್ದರು. ಬೆರಳು ಜೋಮು ಹಿಡಿದರೆ ಅಂಗಡಿ ಬದಲಿ ಕೊಡುವ ಗಡುವು ಮುಗಿಯುವ ಮೊದಲೇ ವಾಪಸ್ ಮಾಡಿ. ಶೆಲ್ಲಿನಲ್ಲಿ ಹಿಮ್ಮಡಿ ಹಿಂದೆ ಎಷ್ಟು ಮಿಲಿಮೀಟರ್ ಉಳಿಯಿತು ಅಂತ ಅಳೆದು ಇಲ್ಲೇ ಬರೆಯಿರಿ, ನೋಡಿ ಹೇಳ್ತೀನಿ.