ಅಣ್ಣ ಬದುಕಿರುವಾಗಲೇ ಮೊದಲನೇ ಹೆನ್ರಿ ಇಂಗ್ಲೆಂಡಿನ ರಾಜನಾಗಿದ್ದು ಹೇಗೆ?

ಮುಖ್ಯ ಕಾರಣ ವೇಗ. 1100ರ ಆಗಸ್ಟ್ 2ರಂದು ಹೆನ್ರಿಯ ಇನ್ನೊಬ್ಬ ಅಣ್ಣ, ದೊರೆ ಎರಡನೇ ವಿಲಿಯಂ ಬೇಟೆಯಲ್ಲಿ ಬಾಣ ತಗುಲಿ ಸತ್ತ. ಅವನಿಗೆ ಮಕ್ಕಳಿರಲಿಲ್ಲ. ಒಬ್ಬರಿಗೆ ಮಕ್ಕಳಿಲ್ಲದಿದ್ದರೆ ಇನ್ನೊಬ್ಬರೇ ವಾರಸುದಾರ ಅಂತ ಅವನೂ ಹಿರಿಯಣ್ಣ ರಾಬರ್ಟನೂ 1091ರಲ್ಲೇ ಮಾತಾಡಿಕೊಂಡಿದ್ದರು. ಆದರೆ ರಾಬರ್ಟ್ ಕ್ರುಸೇಡ್ (ಜೆರುಸಲೇಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧ) ಮುಗಿಸಿ ಇನ್ನೂ ದಾರಿಯಲ್ಲಿದ್ದ.

ಅದೇ ಬೇಟೆಯಲ್ಲಿದ್ದ ಕಿರಿಯವನಾದ ಹೆನ್ರಿ ಕಾಡಿನಿಂದ ನೇರವಾಗಿ ವಿಂಚೆಸ್ಟರ್‌ಗೆ ಕುದುರೆ ಓಡಿಸಿದ. ರಾಜ್ಯದ ಖಜಾನೆ ಇದ್ದದ್ದು ಅಲ್ಲೇ. ವಿಲಿಯಂ ಆಫ್ ಬ್ರೆಟೆಯ್ ಎಂಬ ಸರದಾರ ಅಡ್ಡ ನಿಂತು, "ನಾವು ರಾಬರ್ಟನಿಗೆ ಮಾತು ಕೊಟ್ಟವರು" ಎಂದು ವಾದಿಸಿದ. ಹೆನ್ರಿ ಕತ್ತಿ ಹಿರಿದ ಎನ್ನುತ್ತದೆ ಆ ಕಾಲದ ಒಂದು ಬರಹ. ಖಜಾನೆ ಕೈಗೆ ಬಂತು. ಆಗಸ್ಟ್ 5ಕ್ಕೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಟ್ಟಾಭಿಷೇಕ! ಕಿರೀಟ ತೊಡಿಸಬೇಕಾಗಿದ್ದ ಆರ್ಚ್‌ಬಿಷಪ್ ಆನ್ಸೆಲ್ಮ್ ದೇಶದಲ್ಲೇ ಇರಲಿಲ್ಲ, ಹಾಗಾಗಿ ಲಂಡನ್ನಿನ ಬಿಷಪ್ಪನೇ ಕಿರೀಟ ತೊಡಿಸಿದ.

ಕಿರೀಟ ಸಿಕ್ಕರೆ ಸಾಲದು, ಜನ ಒಪ್ಪಬೇಕಲ್ವಾ? ನನ್ನ ಪ್ರಕಾರ ಅವನ ನಿಜವಾದ ಜಾಣತನ ಇಲ್ಲಿದೆ. ಅಣ್ಣ ವಿಲಿಯಂನ ಕಾಲದ ಅನ್ಯಾಯದ ವಸೂಲಿಗಳನ್ನು ನಿಲ್ಲಿಸುತ್ತೇನೆ ಅಂತ ಬರೆದುಕೊಟ್ಟ. ಸರದಾರ ಸತ್ತರೆ ಅವನ ಮಗ ನ್ಯಾಯವಾದ ಮೊತ್ತ ಕೊಟ್ಟರೆ ಸಾಕು, ಜಮೀನು ಅವನಿಗೇ. ಜನ ಶಪಿಸುತ್ತಿದ್ದ ಅಧಿಕಾರಿ ರಾನಲ್ಫ್ ಫ್ಲಾಂಬಾರ್ಡನನ್ನು ಜೈಲಿಗೆ ಹಾಕಿದ. ಆನ್ಸೆಲ್ಮನನ್ನು ವಾಪಸ್ ಕರೆಸಿದ. ನವೆಂಬರ್‌ನಲ್ಲಿ ಹಳೆಯ ಇಂಗ್ಲಿಷ್ ರಾಜವಂಶದ ರಕ್ತವಿದ್ದ ಸ್ಕಾಟ್ಲೆಂಡಿನ ರಾಜಕುಮಾರಿಯನ್ನು ಮದುವೆಯಾದ.

1101ರಲ್ಲಿ ರಾಬರ್ಟ್ ದಂಡೆತ್ತಿ ಬಂದಾಗ ಕಾಳಗವೇ ಆಗಲಿಲ್ಲ. ವರ್ಷಕ್ಕೆ 3,000 ಮಾರ್ಕ್ (ಆಗಿನ ಹಣದ ಲೆಕ್ಕ) ಕೊಡುವ ಮಾತಿನ ಮೇಲೆ ಅವನು ಹಕ್ಕು ಬಿಟ್ಟುಕೊಟ್ಟ. ಕೊನೆಗೆ 1106ರಲ್ಲಿ ನಾರ್ಮಂಡಿಯ ಟಿಂಶ್‌ಬ್ರೇ ಯುದ್ಧದಲ್ಲಿ ಸೆರೆ ಸಿಕ್ಕಿ, 1134ರಲ್ಲಿ ಸಾಯುವ ತನಕ ತಮ್ಮನ ಕೈದಿಯಾಗಿಯೇ ಉಳಿದ.