ಎರಡು ಕೀಗಳ ಭಯ

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ; ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಅವರಿಗೆ 52 ವರ್ಷ, ಪ್ರೌಢಶಾಲೆಯ ಗಣಿತ ಶಿಕ್ಷಕಿ. ನಿದ್ದೆ ಬರುವುದಿಲ್ಲ ಎಂದು ಬಂದರು. ಥೈರಾಯ್ಡ್ ತೊಂದರೆಯಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಯಾವ್ಯಾವ ರಾತ್ರಿ ಹೀಗಾಗುತ್ತದೆ ಎಂದು ಕೆದಕಿದಾಗ ಗುಟ್ಟು ಬಯಲಾಯಿತು: ಮರುದಿನ ಪ್ರೊಜೆಕ್ಟರ್ ಹಚ್ಚಿ ಪಾಠ ಮಾಡಬೇಕಾದ ರಾತ್ರಿಗಳಲ್ಲಿ.

ಮೂರು ತಿಂಗಳ ಹಿಂದೆ ಒಂದು ದಿನ, ಲ್ಯಾಪ್‌ಟಾಪಿನಲ್ಲಿ ಸ್ಲೈಡ್ ಇದೆ, ಪರದೆಯ ಮೇಲೆ ಬರೀ ವಾಲ್‌ಪೇಪರ್. ಕೇಬಲ್ ಕಿತ್ತು ಮತ್ತೆ ಚುಚ್ಚಿದರು, ರೀಸ್ಟಾರ್ಟ್ ಮಾಡಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗ ಎದ್ದು ಬಂದು ಏನೋ ಎರಡು ಕೀ ಒತ್ತಿದ, ಸರಿಹೋಯಿತು. ತರಗತಿಯೆಲ್ಲ ನಕ್ಕಿತು. "ಅವನೊಬ್ಬ ನಗಲಿಲ್ಲ ಮೇಡಂ. ಅದೇ ಇನ್ನೂ ಚುಚ್ಚಿತು."

ಕಂಪ್ಯೂಟರಿನಲ್ಲಿ ಏನೇನು ಬರುತ್ತದೆ, ಪಟ್ಟಿ ಮಾಡಿ ತನ್ನಿ ಎಂದೆ. ಖಾಲಿ ಹಾಳೆ ತಂದರು. ಮಾತಾಡುತ್ತಾ ಹೋದರೆ, ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಅವರೇ, ವರ್ಗಮೂಲದ ಚಿಹ್ನೆ ಸಮೇತ. ಎಕ್ಸೆಲ್‌ನಲ್ಲಿ ಅಂಕ ತುಂಬುವುದೂ ಅವರೇ. ಮೊತ್ತ ಮಾತ್ರ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂಡುತ್ತಾರಂತೆ! ಹೇಳುತ್ತಾ ಅವರಿಗೇ ನಗು ಬಂತು. ನನಗೆ ಎಳೆ ಸಿಕ್ಕಿದ್ದು ಆ ನಗುವಿನಲ್ಲಿ.

ಕಂಪ್ಯೂಟರ್ ಕೋರ್ಸ್ ಸೇರಲೇ ಎಂದರು. ಸದ್ಯಕ್ಕೆ ಬೇಡ ಎಂದೆ. ತನ್ನಿಂದಾಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬೆಳೆಯುವುದು ಸ್ವತಃ ಮಾಡಿ ಗೆದ್ದಾಗ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದರು; ಇತರರ ಹುರಿದುಂಬಿಸುವ ಮಾತಿಗೆ ಅಷ್ಟು ಬಲವಿಲ್ಲ. ಹಾಗಾಗಿ ನಾನೂ "ನಿಮ್ಮಿಂದಾಗುತ್ತೆ" ಎಂಬ ಮಾತು ಆಡಲಿಲ್ಲ. ಎರಡು ವಾರ, ಶಾಲೆ ಬಿಟ್ಟ ಮೇಲೆ, ಖಾಲಿ ತರಗತಿಯಲ್ಲಿ ಪ್ರೊಜೆಕ್ಟರ್ ಜೋಡಿಸಿ, ಬಿಚ್ಚಿ, ಬೇಕೆಂದೇ ಕೆಡಿಸಿ ಸರಿಮಾಡಿ ಎಂದೆ. "ಕೊಡಿ, ನಾನೇ ಮಾಡ್ತೀನಿ" ಎನ್ನುವ ಸಹೋದ್ಯೋಗಿಯ ಕೈಗೆ ಮೌಸ್ ಕೊಡಬೇಡಿ. ಅವರು ಹೇಳಲಿ, ಒತ್ತುವುದು ನೀವು. ಪವರ್‌ಪಾಯಿಂಟ್ ಸ್ಲೈಡ್ ನಡುವೆ ತಡವರಿಸಿದರೆ 'ಬಿ' ಕೀ ಒತ್ತಿ, ಪರದೆ ಕಪ್ಪಾಗುತ್ತದೆ. ಸೀಮೆಸುಣ್ಣ ಹಿಡಿದು ಮುಂದುವರಿಸಿ.

ಇನ್ನೊಂದು, ಆ ಹುಡುಗನನ್ನು ಕರೆದು ಏನು ಒತ್ತಿದೆ ಎಂದು ಕೇಳಿ.

"ಅವನನ್ನ ಕೇಳ್ಬೇಕಾ?" ಎಂದು ಮುಖ ಸಣ್ಣ ಮಾಡಿದರು. ಒಂದು ವಾರ ತಳ್ಳಿ, ಕೇಳಿದರು. ವಿಂಡೋಸ್ ಕೀ ಜೊತೆ 'ಪಿ'. 'ಎಕ್ಸ್‌ಟೆಂಡ್' (ಪರದೆಗೆ ಬೇರೆ ಚಿತ್ರ) ಇದ್ದದ್ದನ್ನು 'ಡೂಪ್ಲಿಕೇಟ್' (ಎರಡೂ ಕಡೆ ಒಂದೇ ಚಿತ್ರ) ಮಾಡಿದ್ದ, ಅಷ್ಟೇ.

ಐದನೇ ಭೇಟಿಯ ಹೊತ್ತಿಗೆ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಸ್ಲೈಡರ್ ಎಳೆದು ಸರಳರೇಖೆಯ ಇಳಿಜಾರು ಬದಲಾಗುವುದನ್ನು ಮಕ್ಕಳಿಗೆ ತೋರಿಸಿದ್ದರು. ನಿದ್ದೆ ಸುಧಾರಿಸಿತ್ತು, ಪೂರ್ತಿಯಲ್ಲ. ಪೈಥಾಗೊರಸ್ ಪ್ರಮೇಯಕ್ಕೆ ಮಾತ್ರ ಪ್ರೊಜೆಕ್ಟರ್ ಹಚ್ಚಲಿಲ್ಲವಂತೆ. ಹೆದರಿಕೆಯಾಯಿತೇ ಎಂದೆ.

"ಇಲ್ಲ ಮೇಡಂ. ಪ್ರಮೇಯದ ಸಾಧನೆ ಬೋರ್ಡ್ ಮೇಲೆ ಸಾಲು ಸಾಲಾಗಿ ಬರ್ಬೇಕು. ನಾನು ಬರೆಯೋಕೆ ಮುಂಚೆ ಮುಂದಿನ ಸಾಲು ಮಕ್ಕಳೇ ಹೇಳ್ತಾರೆ."